ವಿಕಿರಣವೆಂಬ ಮಾತು

ಕಳೆದ ತಿಂಗಳು ಒಂದೇ ದಿನದ ಟಪಾಲಿನಲ್ಲಿ ನನಗೆ ಎರಡು ಪತ್ರಗಳು ಬಂದವು. ಮೊದಲನೆಯದನ್ನು ಬರೆದವರು ಜೋಯಿಡಾ ತಾಲೂಕಿನ ಒಬ್ಬ ಗೃಹಸ್ಥರು. ತಮ್ಮ ಊರಿನ ಸಮೀಪದಲ್ಲೆಲ್ಲಿಯೂ ಮೊಬೈಲ್ ಟವರು ಇಲ್ಲದ ಕಾರಣ ಹಾವು ಕಚ್ಚಿದರೂ ಹೆರಿಗೆಯ ನೋವು ಬಂದರೂ ಗುಡ್ಡ ಹತ್ತಿಯೇ ಫೋನು ಮಾಡಬೇಕಾಗಿದೆಯೆಂದೂ, ಈ ಸಂಗತಿಯನ್ನು ನಾಲ್ವರಿಗೆ ತಿಳಿಯುವಂತೆ ಬರೆಯಬೇಕೆಂದೂ ಅವರು ಕೇಳಿದ್ದಾರೆ. ಎರಡನೆಯ ಪತ್ರವು ನಮ್ಮ ಸನವಳ್ಳಿಯಿಂದ ಬಹಳ ದೂರವಲ್ಲದ ಊರಿನ ತಾಯಿಯೊಬ್ಬರದು. ಅವರ ಹಿತ್ತಿಲಿನಿಂದ ನೂರು ಮೀಟರಿನಷ್ಟು ಅಂತರದಲ್ಲಿ ಟವರು ನಿಂತಿದೆ. ಅದಕ್ಕೆ ಈಗ ಫೈವ್-ಜಿ ಎಂಬ ಐದನೆಯ ತಲೆಮಾರಿನ ಯಂತ್ರಗಳನ್ನು ಕೂಡಿಸುವರೆಂದು ಸುದ್ದಿ. ಸೊಸೆಗೆ ಐದು ತಿಂಗಳು ತುಂಬಿದೆ. ಟವರಿನ ವಿಕಿರಣದಿಂದ ಗರ್ಭಕ್ಕೆ ಕೇಡೆಂದು ನೆರೆಯವರು ಹೇಳಿದಂದಿನಿಂದ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ರೆಯಿಲ್ಲ. ಮಗನು ಗದ್ದೆಯನ್ನು ಪಾಲಿಗೆ ಕೊಟ್ಟು ಹುಬ್ಬಳ್ಳಿಗೆ ಹೋಗಿಬಿಡೋಣವೆಂದು ಹಟ ಹಿಡಿದಿದ್ದಾನೆ. “ಮಾಸ್ತರರೇ, ನೀವು ಓದಿದವರು, ಹೋಗಬೇಕೋ ಇರಬೇಕೋ ಹೇಳಿರಿ” ಎಂದು ಆ ತಾಯಿಯು ಬರೆದಿದ್ದಾರೆ.

ಹುಬ್ಬಳ್ಳಿಯಲ್ಲಿ ಓಣಿಗೊಂದು ಟವರು ಉಂಟೆಂಬುದು ಆ ತರುಣನಿಗೆ ಹೊಳೆದಂತೆ ತೋರುವುದಿಲ್ಲ. ಆದರೂ ಇದು ನಕ್ಕು ಬಿಡತಕ್ಕ ಪ್ರಸಂಗವಲ್ಲ. ಬಸುರಿಯಿರುವ ಮನೆಯಲ್ಲಿ ಹುಟ್ಟಿದ ಭಯವು ಆ ಮನೆಯ ಅನ್ನ-ನಿದ್ರೆಗಳನ್ನು ಕೆಡಿಸುವುದು; ಹೊಲಮನೆಗಳನ್ನು ಬಿಡಿಸುವವರೆಗೂ ಹೋಗುವುದು. ಇತ್ತ ಮಲೆನಾಡಿನ ಮತ್ತೊಂದು ಭಾಗದಲ್ಲಿ, ಶಿವಮೊಗ್ಗ ಜಿಲ್ಲೆಯ ಹಳ್ಳಿಗಳವರು ೨೦೨೧ರಲ್ಲಿ “ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ” ಎಂದು ಚಳವಳಿ ಹೂಡಿದ್ದರು. ಸಾಂಕ್ರಾಮಿಕದ ಆ ಎರಡು ವರ್ಷಗಳಲ್ಲಿ ಮಕ್ಕಳು ಪಾಠ ಕೇಳುವುದಕ್ಕಾಗಿ ಛತ್ರಿ ಹಿಡಿದು ಗುಡ್ಡದ ತುದಿಯಲ್ಲಿ ಕುಳಿತುದನ್ನು ಯಾರೂ ಮರೆತಿಲ್ಲ. ಜಾಲವಿಲ್ಲದ ೨೪,೬೮೦ ಹಳ್ಳಿಗಳಿಗೆ ಅದನ್ನು ಮುಟ್ಟಿಸುವುದಕ್ಕಾಗಿ ೨೬,೩೧೬ ಕೋಟಿ ರೂಪಾಯಿಗಳ ಯೋಜನೆಯನ್ನು ಕೇಂದ್ರ ಮಂತ್ರಿಮಂಡಲವು ೨೦೨೨ರ ಜುಲೈದಲ್ಲಿ ಒಪ್ಪಿದ್ದು ಇಂತಹ ಕೂಗಿನ ಫಲವೇ. ಒಂದೇ ವಸ್ತುವನ್ನು ಒಬ್ಬರು ಬೇಕೆನ್ನುವರು, ಇನ್ನೊಬ್ಬರು ಬೇಡವೆನ್ನುವರು, ಇಬ್ಬರಿಗೂ ಕಾರಣವುಂಟು. ಈ ಸಾರಿ ಬೇಡವೆನ್ನುವವರ ಕಾರಣವನ್ನೇ ನೋಡೋಣ.

ಈ ಭಯದ ಅರ್ಧಪಾಲು ‘ವಿಕಿರಣ’ವೆಂಬ ಒಂದು ಮಾತಿನಲ್ಲಿಯೇ ಅಡಗಿದೆಯೆಂದು ನನಗೆ ತೋರುತ್ತದೆ. ಸಂಸ್ಕೃತದಲ್ಲಿ ‘ಕೄ’ ಎಂಬ ಧಾತುವಿಗೆ ಎರಚು, ಚೆಲ್ಲು ಎಂದು ಅರ್ಥ. ಕಿರಣವೆಂಬ ಶಬ್ದವು ಅದರಿಂದ ಹುಟ್ಟಿದ್ದು. ‘ವಿ’ ಎಂಬ ಉಪಸರ್ಗವು ಸೇರಿದರೆ ಎಲ್ಲ ಕಡೆಗೂ ಚೆಲ್ಲುವಿಕೆ ಎಂದಾಯಿತು. ಈ ಅರ್ಥದಲ್ಲಿ ದೇವರ ಮುಂದಿನ ನಂದಾದೀಪವೂ ವಿಕಿರಣವನ್ನೇ ಮಾಡುವುದು. ಬಚ್ಚಲೊಲೆಯ ಕೆಂಡವೂ ಮಾಡುವುದು. ಮಧ್ಯಾಹ್ನದ ಸೂರ್ಯನ ಮಾತಂತೂ ಹೇಳುವುದೇ ಬೇಡ. ಆದರೆ ನಮ್ಮ ಜಿಲ್ಲೆಯ ಜನರು ಈ ಮಾತನ್ನು ನಿಘಂಟಿನಿಂದ ಕಲಿತವರಲ್ಲ, ಕೈಗಾದಿಂದ ಕಲಿತವರು. ಕಾಳಿ ನದಿಯ ದಂಡೆಯ ಮೇಲೆ ಅಣುವಿದ್ಯುತ್ ಸ್ಥಾವರವನ್ನು ಕಟ್ಟಹೊರಟಾಗ ಹಳ್ಳಿಹಳ್ಳಿಗಳಲ್ಲಿ ಸಭೆಗಳಾದವು. ಡಾ. ಶಿವರಾಮ ಕಾರಂತರು ತಮ್ಮ ಎಂಬತ್ತೇಳರ ವಯಸ್ಸಿನಲ್ಲಿ, ೧೯೮೯ರಲ್ಲಿ, ಈ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ನಮ್ಮ ಜಿಲ್ಲೆಯಿಂದ ಲೋಕಸಭೆಯ ಚುನಾವಣೆಗೆ ನಿಂತರು. ೧೯೯೪ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದಾಗಲೇ, ಒಂದು ಘಟಕದ ಗುಮ್ಮಟದ ಒಳಪದರವು ಕುಸಿದು ಬಿದ್ದಿತು. ೨೦೦೦ದಲ್ಲಿ ಅಲ್ಲಿಂದ ವಿದ್ಯುತ್ತು ಹೊರಟಿತು. ಹೀಗೆ ಒಂದು ತಲೆಮಾರಿನ ಕಾಲ ಚೆರ್ನೋಬಿಲ್, ಕ್ಯಾನ್ಸರು, ಅಂಗಹೀನ ಶಿಶುಗಳು ಎಂಬ ಮಾತುಗಳ ನಡುವೆಯೇ ವಿಕಿರಣವೆಂಬ ಶಬ್ದವನ್ನು ಕೇಳಿದ ಜನರು, ಅದೇ ಶಬ್ದವನ್ನು ಟವರಿಗೆ ಹಚ್ಚಿದಾಗ ಬೆಚ್ಚಿಬೀಳದೆ ಇರಬೇಕೆಂದರೆ ಹೇಗೆ? ಹೆದರಿದವರನ್ನು ಅಜ್ಞಾನಿಗಳೆಂದು ಜರೆಯುವ ಪಟ್ಟಣಿಗರಿಗೆ ಈ ಇತಿಹಾಸವು ಗೊತ್ತಿರುವುದಿಲ್ಲ.

ಆದರೆ ಶಬ್ದವು ಒಂದಾದ ಮಾತ್ರಕ್ಕೆ ಪದಾರ್ಥವು ಒಂದಾಗುವುದಿಲ್ಲ. ‘ಹರಿ’ ಎಂಬ ಪದವು ವಿಷ್ಣುವಿಗೂ ಸಲ್ಲುವುದು, ಸಿಂಹಕ್ಕೂ ಸಲ್ಲುವುದು, ಕಪಿಗೂ ಸಲ್ಲುವುದು. ಪ್ರಕರಣವನ್ನು ನೋಡಿ ಅರ್ಥವನ್ನು ಹಿಡಿಯಬೇಕಾಗುವುದು. ಕೈಗಾದ ಗರ್ಭಗೃಹದೊಳಗಿನ ಕಿರಣಗಳಿಗೂ ಟವರಿನ ಅಲೆಗಳಿಗೂ ಇರುವ ಭೇದವು ಹೆಚ್ಚು-ಕಡಿಮೆಯ ಭೇದವಲ್ಲ, ಜಾತಿಯ ಭೇದ. ಇದನ್ನು ಒಂದು ದೃಷ್ಟಾಂತದಿಂದ ಹೇಳುವೆನು. ಮಾವಿನ ಮರಕ್ಕೆ ಹುಡುಗರು ಕಲ್ಲು ಎಸೆಯುವರಷ್ಟೆ. ಒಂದೇ ಕಲ್ಲು ತೊಟ್ಟಿಗೆ ಸರಿಯಾಗಿ ತಗಲಿದರೆ ಕಾಯಿ ಉದುರುವುದು. ಅದೇ ತೂಕದ ಮರಳನ್ನು ಮುಷ್ಟಿಮುಷ್ಟಿಯಾಗಿ ದಿನವಿಡೀ ಎರಚಿದರೂ ಒಂದು ಕಾಯಿಯೂ ಉದುರದು. ಮರಳಿನ ಒಂದೊಂದು ಕಣಕ್ಕೂ ತೊಟ್ಟನ್ನು ಕಡಿಯುವ ಶಕ್ತಿಯಿಲ್ಲ, ಮತ್ತು ಶಕ್ತಿಯಿಲ್ಲದ ಕಣಗಳು ಎಷ್ಟು ಬಂದರೂ ತೊಟ್ಟಿನ ಮಟ್ಟಿಗೆ ಅಶಕ್ತವೇ. ಎಲ್ಲ ಬಗೆಯ ಕಿರಣಗಳೂ ಇಂತಹ ಕಣಗಳಾಗಿಯೇ ಬರುವುವೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ನಮ್ಮ ದೇಹದ ಅಣುಗಳಿಂದ ಇಲೆಕ್ಟ್ರಾನನ್ನು ಕಿತ್ತುಹಾಕಿ ಜೀವಕೋಶದ ಬೀಜಕ್ಕೇ ಗಾಯಮಾಡುವ ಬಲವು ಕ್ಷಕಿರಣಗಳಿಗೂ ಅಣುಸ್ಥಾವರದ ಗಾಮಾ ಕಿರಣಗಳಿಗೂ ಉಂಟು. ನಮ್ಮ ದೇಶದ ಫೈವ್-ಜಿ ಜಾಲವು ಬಹುಮಟ್ಟಿಗೆ ಬಳಸುವುದು ೩೩೦೦ ಮೆಗಾಹರ್ಟ್ಸಿಗೆ ಮೇಲ್ಪಟ್ಟ ಅಲೆಗಳನ್ನು. ಅವುಗಳ ಒಂದು ಕಣದ ಬಲವು ಆ ಕಿತ್ತುಹಾಕುವ ಕೆಲಸಕ್ಕೆ ಬೇಕಾದ ಬಲದ ಸುಮಾರು ಏಳು ಲಕ್ಷದಲ್ಲಿ ಒಂದು ಪಾಲು. ಹಗಲಿನ ಹಸಿರು ಬೆಳಕಿನ ಒಂದು ಕಣವೇ ಇದಕ್ಕಿಂತ ಒಂದೂವರೆ ಲಕ್ಷ ಪಟ್ಟು ಬಲವುಳ್ಳದ್ದು.

ಹಾಗಾದರೆ ಈ ಅಲೆಗಳಿಂದ ಏನೂ ಆಗದೋ? ಆಗುವುದು: ಬಿಸಿಯಾಗುವುದು. ಮರಳು ಕಾಯನ್ನು ಉದುರಿಸದಿದ್ದರೂ ಬಹಳ ಎರಚಿದರೆ ಎಲೆಗಳನ್ನು ಬಾಗಿಸೀತು. ತೀವ್ರವಾದ ರೇಡಿಯೋ ಅಲೆಗಳಿಗೆ ದೇಹವನ್ನೊಡ್ಡಿದರೆ ಮಾಂಸಖಂಡವು ಕಾಯುವುದು. ಪಟ್ಟಣದ ಮನೆಗಳಲ್ಲಿ ಅನ್ನ ಬಿಸಿಮಾಡುವ ಮೈಕ್ರೋವೇವ್ ಪೆಟ್ಟಿಗೆಯು ಮಾಡುವುದೂ ಇದನ್ನೇ. ಆದುದರಿಂದ ಇಲ್ಲಿ ಕೇಳತಕ್ಕ ಪ್ರಶ್ನೆಯು ‘ವಿಕಿರಣವುಂಟೋ ಇಲ್ಲವೋ’ ಎಂಬುದಲ್ಲ, ‘ಎಷ್ಟು ಮಾತ್ರೆ’ ಎಂಬುದು. ವೈದ್ಯನು ಔಷಧಕ್ಕೆ ಹೇಗೋ ಹಾಗೆ.

ಮಾತ್ರೆಯ ಕಟ್ಟಳೆಯನ್ನು ಈ ಕೆಲಸಕ್ಕೆಂದೇ ಇರುವ ಒಂದು ಅಂತಾರಾಷ್ಟ್ರೀಯ ಆಯೋಗವು ಹಾಕಿಕೊಟ್ಟಿದೆ. ದೇಹಕ್ಕೆ ಬಿಸಿಯ ಬಾಧೆಯು ತೊಡಗುವ ಮಟ್ಟವನ್ನು ಮೊದಲು ಗೊತ್ತುಮಾಡಿ, ಅದರ ಐವತ್ತನೆಯ ಒಂದು ಪಾಲನ್ನು ಅವರು ಸಾರ್ವಜನಿಕರಿಗೆ ಮೇರೆಯಾಗಿ ಇಟ್ಟರು. ನಮ್ಮ ದೇಶವು ೨೦೦೮ರಲ್ಲಿ ಆ ಮೇರೆಯನ್ನೇ ಅಂಗೀಕರಿಸಿತ್ತು. ಜನರ ಕಳವಳವು ಹೆಚ್ಚಲು, ೨೦೧೨ರ ಸೆಪ್ಟೆಂಬರ್ ೧ರಿಂದ ಟವರುಗಳಿಗೆ ಅದನ್ನೂ ಹತ್ತನೆಯ ಒಂದು ಪಾಲಿಗೆ ಇಳಿಸಿತು. ಎಂದರೆ ಬಾಧೆಯ ಮಟ್ಟಕ್ಕೂ ಆ ಕಟ್ಟಳೆಗೂ ಐನೂರು ಪಟ್ಟು ಅಂತರವಾಯಿತು. ೧೮೦೦ ಮೆಗಾಹರ್ಟ್ಸಿನ ಅಲೆಗೆ ಹೀಗೆ ಗೊತ್ತಾದ ಮೇರೆಯು ಒಂದು ಚದರ ಮೀಟರಿಗೆ ೦.೯ ವಾಟ್. ನಡುಹಗಲಿನ ಬಿಸಿಲು ಅದೇ ಒಂದು ಚದರ ಮೀಟರಿನ ಮೇಲೆ ಸುಮಾರು ೧೦೦೦ ವಾಟ್ ಸುರಿಯುವುದು. ಬಿಸಿಲು ಚರ್ಮದಲ್ಲಿಯೇ ನಿಲ್ಲುವುದು, ಈ ಅಲೆಯು ತುಸು ಒಳಕ್ಕೆ ಹೋಗುವುದು. ಆದುದರಿಂದ ಎರಡನ್ನೂ ಸರಿತೂಗಿಸಲಾಗದು. ಆದರೂ ಗದ್ದೆಯಲ್ಲಿ ನಿಂತು ನಾಟಿ ಮಾಡುವವರಿಗೆ ಪ್ರಮಾಣದ ಅಂದಾಜು ಸಿಕ್ಕೀತು.

ಇನ್ನು ಆ ತಾಯಿಯ ಹಿತ್ತಿಲಿನ ಲೆಕ್ಕವನ್ನೇ ಮಾಡೋಣ. ಶಾಲೆಯ ಗಣಿತವೇ ಸಾಕು. ಟವರಿನ ಸಾಮಾನ್ಯವಾದ ಒಂದು ಪ್ರೇಷಕದ ಬಲವು ೨೦ ವಾಟ್ ಎಂದಿಟ್ಟುಕೊಳ್ಳಿರಿ, ಎಂದರೆ ನಮ್ಮ ಪಡಸಾಲೆಯ ಟ್ಯೂಬ್ ದೀಪದಷ್ಟು. ಅದರ ಮುಂದಿನ ಫಲಕವು ಆ ಬಲವನ್ನು ಬ್ಯಾಟರಿಯ ಗಾಜಿನಂತೆ ಒಂದು ಕಡೆಗೆ ಕೂಡಿಸಿ ಐವತ್ತು ಪಟ್ಟು ತೀಕ್ಷ್ಣಮಾಡಿತೆನ್ನೋಣ. ನೂರು ಮೀಟರಿನಾಚೆ, ನೇರವಾಗಿ ಆ ಕಿರಣದ ಎದುರಿಗೇ ನಿಂತವರ ಮೇಲೆ ಬೀಳುವುದು ಚದರ ಮೀಟರಿಗೆ ೦.೦೦೮ ವಾಟ್, ಮೇರೆಯ ನೂರನೆಯ ಒಂದು ಪಾಲಿಗೂ ಕಡಿಮೆ. ಅಂತಹ ಹತ್ತು ಪ್ರೇಷಕಗಳು ಒಂದೇ ಕಡೆಗೆ ಮುಖಮಾಡಿದರೂ ಹತ್ತನೆಯ ಒಂದು ಪಾಲನ್ನು ಮುಟ್ಟದು. ದೂರವು ಇಮ್ಮಡಿಯಾದರೆ ಬಲವು ನಾಲ್ಕನೆಯ ಒಂದಾಗುವುದು. ಮತ್ತೊಂದು ವಿಚಿತ್ರ: ಫಲಕಗಳು ಮೇಲಿನಿಂದ ದೂರಕ್ಕೆ ಮುಖಮಾಡಿರುವುದರಿಂದ ಟವರಿನ ಕಾಲ ಬುಡದಲ್ಲಿ ಅಲೆಯು ಬಹಳ ಕ್ಷೀಣ. ದೀಪದ ಬುಡದಲ್ಲಿ ಕತ್ತಲೆಯೆಂಬ ನಮ್ಮ ಗಾದೆಯು ಇಲ್ಲಿ ಅಕ್ಷರಶಃ ನಿಜ. ಐದನೆಯ ತಲೆಮಾರಿನ ಯಂತ್ರಕ್ಕೆ ಬಲವು ಇನ್ನೂ ಹೆಚ್ಚು, ೨೦೦ ವಾಟಿನ ವರೆಗೂ ಉಂಟು. ಆದರೆ ಅದು ಕಿರಣವನ್ನು ಎಲ್ಲ ಕಡೆಗೂ ಸದಾ ಚೆಲ್ಲುವುದಿಲ್ಲ. ಯಾರ ಫೋನು ಕರೆಯುವುದೋ ಆ ದಿಕ್ಕಿಗೆ, ಆ ಕ್ಷಣಕ್ಕೆ ತಿರುಗಿಸುವುದು. ಆದುದರಿಂದ ಅದರ ಲೆಕ್ಕವು ಶಾಲೆಯ ಹಲಗೆಯ ಮೇಲೆ ಬಿಡಿಸತಕ್ಕದ್ದಲ್ಲ. ಯಂತ್ರವಿಟ್ಟು ಅಳೆದೇ ನೋಡತಕ್ಕದ್ದು. ಅಳತೆಯ ಮಾತನ್ನು ಮುಂದೆ ಹೇಳುವೆನು.

ಹೊಸ ಅಲೆಯೆಂಬ ಭಯವೂ ಒಂದುಂಟು. ಹೊಸದು ಯಂತ್ರವೇ ಹೊರತು ಅಲೆಯಲ್ಲ. ಆಚಾರ್ಯ ಜಗದೀಶಚಂದ್ರ ಬೋಸರು ೧೮೯೫ರಲ್ಲಿ ಕಲಕತ್ತೆಯ ಟೌನ್ ಹಾಲಿನಲ್ಲಿ ಅದೃಶ್ಯವಾದ ಅಲೆಗಳಿಂದ ದೂರದ ಗಂಟೆಯನ್ನು ಬಾರಿಸಿ, ಮದ್ದಿನ ಪುಡಿಯನ್ನು ಸಿಡಿಸಿ ತೋರಿಸಿದರು. ಅವರು ಆ ದಶಕದಲ್ಲಿ ಪ್ರಯೋಗಿಸಿದ ಅಲೆಗಳ ಉದ್ದವು ಕೆಲವೇ ಮಿಲಿಮೀಟರು. ಫೈವ್-ಜಿಗಾಗಿ ಹರಾಜಾದ ೨೬ ಗಿಗಾಹರ್ಟ್ಸಿನ ಪಟ್ಟಿಗಿಂತಲೂ ಅವು ಸೂಕ್ಷ್ಮ. ನಮ್ಮ ಕನ್ನಡನಾಡಿನಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ ಬಾನುಲಿಯನ್ನು ಬಿತ್ತರಿಸಿದರು. ಧಾರವಾಡದ ನಿಲಯವು ೧೯೫೦ರ ಜನವರಿಯಲ್ಲಿ ಹುಟ್ಟಿತು. ಅದರ ಪ್ರೇಷಕವು ಮುಂದೆ ೨೦೦ ಕಿಲೋವಾಟಿನದಾಯಿತು, ಎಂದರೆ ಟವರಿನ ನಮ್ಮ ೨೦ ವಾಟಿನ ಪ್ರೇಷಕಕ್ಕೆ ಹತ್ತು ಸಾವಿರ ಪಟ್ಟು. ಅಲೆಯ ಜಾತಿ ಬೇರೆ, ದೂರ ಬೇರೆ, ನಿಜ. ಆದರೆ ಮುಂಡಗೋಡ-ಹಳಿಯಾಳದ ನಾವೆಲ್ಲರೂ ಆ ಅಲೆಗಳಲ್ಲಿ ಮೀಯುತ್ತಲೇ ಕೃಷಿವಾರ್ತೆಯನ್ನು ಕೇಳಿ ಬೆಳೆದವರು.

ಇಷ್ಟು ಹೇಳಿದರೆ ಓದಿದ ತರುಣರು ಕೂಡಲೇ ಕೇಳುವ ಪ್ರಶ್ನೆಯೊಂದುಂಟು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲವೇ ಇದನ್ನು ಕ್ಯಾನ್ಸರು ತರಬಹುದಾದ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದೆಯಲ್ಲ? ಸೇರಿಸಿದ್ದು ನಿಜ, ೨೦೧೧ರ ಮೇ ತಿಂಗಳಲ್ಲಿ. ಆದರೆ ಆ ಪಟ್ಟಿಯಲ್ಲಿ ಮೆಟ್ಟಿಲುಗಳುಂಟು. ಖಂಡಿತವಾಗಿ ಕ್ಯಾನ್ಸರು ತರತಕ್ಕವು ಮೊದಲನೆಯವು. ಬಹುಶಃ ತರತಕ್ಕವು ಅದರ ಕೆಳಗೆ. ತಂದರೂ ತರಬಹುದು, ಸಾಕ್ಷ್ಯವು ಸಾಲದು ಎಂಬವು ಮೂರನೆಯ ಮೆಟ್ಟಿಲಿನವು. ರೇಡಿಯೋ ಅಲೆಗಳಿಗೆ ಸಿಕ್ಕಿದ್ದು ಈ ಮೂರನೆಯ ಮೆಟ್ಟಿಲು. ಏಷ್ಯದ ಕೆಲವು ನಾಡುಗಳಲ್ಲಿ ಹುದುಗಿಸಿಡುವ ತರಕಾರಿಯೂ ಅಲ್ಲಿಯೇ ಇದೆ. ಇನ್ನು ಮೊದಲನೆಯ ಮೆಟ್ಟಿಲಿನಲ್ಲಿ ಯಾರಿದ್ದಾರೆಂದು ನೋಡಿದರೆ, ತಂಬಾಕು ಇದೆ, ಮತ್ತು ೨೦೦೪ರಿಂದ ನಮ್ಮ ಅಡಿಕೆಯೂ ಇದೆ! ಅಡಿಕೆಯ ತೋಟಗಳಿಂದಲೇ ಉಣ್ಣುವ ಜಿಲ್ಲೆಯಲ್ಲಿ ಕುಳಿತು ಈ ಸಾಲನ್ನು ಬರೆಯುವುದಕ್ಕೆ ಕೈ ಹಿಂಜರಿಯುವುದು. ಆದರೆ ಅದೇ ಮಂಡಲದ ಮಾತನ್ನು ಟವರಿಗೆ ಪ್ರಮಾಣವಾಗಿ ಎತ್ತಿ ತೋರಿಸುವವರು ಕವಳದ ತಟ್ಟೆಯ ಮುಂದೆ ಕುಳಿತಾಗ ಅದನ್ನು ಅಪ್ರಮಾಣವೆಂದರೆ ನ್ಯಾಯವಾದೀತೆ?

ನಡುವಿನ ಮೆಟ್ಟಿಲಿನಲ್ಲಿರುವುದು ಕಟ್ಟಿಗೆಯ ಒಲೆಯ ಹೊಗೆ. ಆ ತಾಯಿಯು ಈ ಸಾಲನ್ನು ಎರಡು ಸಲ ಓದಬೇಕೆಂದು ನನ್ನ ವಿನಂತಿ. ಗಾಳಿಯಾಡದ ಅಡಿಗೆಯ ಮನೆಯಲ್ಲಿ ಕುಳಿತು ಹೊಗೆಯನ್ನು ಕುಡಿಯುವ ಬಸುರಿಯರಿಗೆ ಕಡಿಮೆ ತೂಕದ ಶಿಶುಗಳು ಹುಟ್ಟುವುದು ಹೆಚ್ಚೆಂದು ಅನೇಕ ದೇಶಗಳ ಅಧ್ಯಯನಗಳಿಂದ ಕಂಡುಬಂದಿದೆ. ಟವರಿನ ಮಟ್ಟದ ಅಲೆಗಳಿಂದ ಗರ್ಭಕ್ಕೆ ಹಾನಿಯೆಂಬುದಕ್ಕೆ ಅಂತಹ ಸಾಕ್ಷ್ಯವು ಸಿಕ್ಕಿಲ್ಲ. ಮನೆಯಲ್ಲಿ ಗ್ಯಾಸು ಇದ್ದರೆ ಸೊಸೆಯ ಅಡಿಗೆಯೆಲ್ಲವೂ ಅದರ ಮೇಲೆಯೇ ಆಗಲಿ. ಸಿಲಿಂಡರು ಉಳಿಯಲೆಂದು ಕಟ್ಟಿಗೆಯ ಒಲೆಯ ಮುಂದೆ ಕೂಡ್ರಿಸುವುದು ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯನ್ನು ನಮ್ಮ ಕಡೆ ಅನೇಕರು ಬಲ್ಲರು. ಅದರ ಹೊಗೆಗೊಳವೆಯು ಕಟ್ಟಿಕೊಂಡಿದ್ದರೆ ತೆಗೆಸಿರಿ. ಈ ಕಾರಣಗಳಿಗಾಗಿ ಗದ್ದೆಯನ್ನು ಪಾಲಿಗೆ ಕೊಡುವ ಅಗತ್ಯವಿಲ್ಲ, ಹುಬ್ಬಳ್ಳಿಗೆ ಹೋಗುವ ಅಗತ್ಯವೂ ಇಲ್ಲ. ಸೊಸೆಯು ಸೀಮಂತವಾದ ಮೇಲೆ ಪದ್ಧತಿಯಂತೆ ತವರಿಗೆ ಹೋಗಿಬರಲಿ.

೨೦೧೧ರ ತರುವಾಯ ಏನಾಯಿತೆಂಬುದನ್ನೂ ಸಂಕ್ಷೇಪವಾಗಿ ಹೇಳಬೇಕು. ಮಂಡಲವು ಹಾಗೆ ತೀರ್ಮಾನಿಸಲು ಮುಖ್ಯವಾದ ಕಾರಣವು ಹದಿಮೂರು ದೇಶಗಳಲ್ಲಿ ನಡೆದು ೨೦೧೦ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಅತ್ಯಂತ ಹೆಚ್ಚು ಕಾಲ ಮೊಬೈಲನ್ನು ಕಿವಿಗೆ ಹಚ್ಚಿದವರ ಗುಂಪಿನಲ್ಲಿ ಒಂದು ಬಗೆಯ ಮಿದುಳ ಗಂತಿಯು ತುಸು ಹೆಚ್ಚೆಂದು ಅದರಲ್ಲಿ ಕಂಡಿತ್ತು. ಆದರೆ ರೋಗಿಗಳು ನೆನಪಿನಿಂದ ಹೇಳಿದ ಲೆಕ್ಕದಲ್ಲಿ ದೋಷವಿರಬಹುದೆಂದು ಆ ವಿದ್ವಾಂಸರೇ ಎಚ್ಚರಿಸಿದ್ದರು. ೨೦೧೮ರಲ್ಲಿ ಅಮೇರಿಕದ ಸರಕಾರವು ಇಲಿಗಳ ಮೇಲೆ ಮಾಡಿಸಿದ ಪ್ರಯೋಗವು ಹೊರಬಂದಿತು. ದಿನಕ್ಕೆ ಒಂಬತ್ತು ತಾಸಿನಂತೆ ಎರಡು ವರ್ಷ, ಇಡೀ ಮೈಗೆ ತೀವ್ರವಾದ ಅಲೆಗಳನ್ನು ಹಾಯಿಸಿದಾಗ ಗಂಡಿಲಿಗಳ ಹೃದಯದಲ್ಲಿ ಗಂತಿಗಳು ಕಂಡವು. ಹೆಣ್ಣಿಲಿಗಳಲ್ಲಿ ಹಾಗೆ ಸ್ಪಷ್ಟವಾಗಿ ಕಾಣಲಿಲ್ಲ. ಇನ್ನೂ ಆಶ್ಚರ್ಯವೆಂದರೆ, ಅಲೆ ತಗಲಿದ ಗಂಡಿಲಿಗಳು ತಗಲದವುಗಳಿಗಿಂತ ಹೆಚ್ಚು ಕಾಲ ಬದುಕಿದವು. ಮನುಷ್ಯರ ಮಟ್ಟಿಗೆ ನೋಡಿದರೆ, ಬ್ರಿಟನ್ನಿನ ಏಳೂಮುಕ್ಕಾಲು ಲಕ್ಷ ಸ್ತ್ರೀಯರನ್ನು ವರ್ಷಗಟ್ಟಲೆ ಅನುಸರಿಸಿದ ಅಧ್ಯಯನವು ೨೦೨೨ರಲ್ಲಿಯೂ, ಯುರೋಪಿನ ಐದು ದೇಶಗಳ ಎರಡೂವರೆ ಲಕ್ಷಕ್ಕೆ ಮಿಕ್ಕ ಜನರ ಅಧ್ಯಯನವು ೨೦೨೪ರಲ್ಲಿಯೂ ಪ್ರಕಟವಾಗಿ, ಮೊಬೈಲಿನಿಂದ ಮಿದುಳ ಗಂತಿಯು ಹೆಚ್ಚುವುದು ಕಂಡುಬರಲಿಲ್ಲವೆಂದು ಹೇಳಿದವು. ಅದೇ ೨೦೨೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮಾಡಿಸಿದ ಸಮೀಕ್ಷೆಯು ೬೩ ಅಧ್ಯಯನಗಳನ್ನು ಸೋಸಿ ಅದೇ ಮಾತಿಗೆ ಬಂದಿತು. ಕಿವಿಗೇ ಹಚ್ಚುವ ಯಂತ್ರದ ವಿಷಯದಲ್ಲಿ ಹೀಗಿರುವಾಗ ಹಿತ್ತಿಲಿನಾಚೆಯ ಟವರಿನ ಮಾತು ಏನು?

ಆದರೆ “ಟವರು ಬಂದ ಮೇಲೆ ನಮ್ಮ ಓಣಿಯಲ್ಲಿ ಇಬ್ಬರಿಗೆ ಕ್ಯಾನ್ಸರಾಯಿತು, ಗುಬ್ಬಿಗಳು ಹೋದವು, ಜೇನು ಹೋಯಿತು” ಎನ್ನುವವರಿಗೆ ಅಂಕಿಗಳಿಂದ ಸಮಾಧಾನವಾಗದು. ನಮ್ಮ ತಾರ್ಕಿಕರು ಇದಕ್ಕೊಂದು ಹೆಸರಿಟ್ಟಿದ್ದಾರೆ: ಕಾಕತಾಲೀಯ ನ್ಯಾಯ. ಕಾಗೆಯು ಬಂದು ಕುಳಿತ ಕ್ಷಣಕ್ಕೇ ತಾಳೆಯ ಹಣ್ಣು ಬಿದ್ದರೆ ಕಾಗೆಯೇ ಬೀಳಿಸಿತೆಂದು ಹೇಳಲಾಗದು. ಕಾರಣವೆನ್ನಬೇಕಾದರೆ ಅನ್ವಯವೂ ಬೇಕು, ವ್ಯತಿರೇಕವೂ ಬೇಕು: ಅದು ಇದ್ದಲ್ಲಿ ಕಾರ್ಯವು ಇರಬೇಕು, ಇಲ್ಲದಲ್ಲಿ ಇರಬಾರದು. ಜೇನನ್ನೇ ನೋಡಿರಿ. ನಮ್ಮ ಜಿಲ್ಲೆಯಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳು ಒಮ್ಮೆ ಮನೆಮನೆಗೂ ಇದ್ದುವು. ಅವು ಬರಿದಾದದ್ದು ೧೯೯೧-೯೨ರಲ್ಲಿ, ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸಿನ ರೋಗವು ದಕ್ಷಿಣ ಹಿಂದುಸ್ಥಾನವನ್ನೆಲ್ಲ ಹೊಕ್ಕಾಗ. ಮರಿಹುಳುಗಳು ಚೀಲದಂತೆ ನೀರುಗಟ್ಟಿ ಸತ್ತವು; ಹತ್ತರಲ್ಲಿ ಒಂಬತ್ತು ಕುಟುಂಬಗಳು ಅಳಿದವು. ನಮ್ಮ ದೇಶದಲ್ಲಿ ಮೊದಲನೆಯ ಮೊಬೈಲ್ ಮಾತುಕತೆ ನಡೆದದ್ದು ೧೯೯೫ರ ಜುಲೈ ೩೧ರಂದು, ಕಲಕತ್ತೆ-ದಿಲ್ಲಿಗಳ ನಡುವೆ. ಕಾರ್ಯವು ಮೊದಲು ಹುಟ್ಟಿ ಕಾರಣವು ಆಮೇಲೆ ಹುಟ್ಟಿತೆನ್ನುವ ತರ್ಕವು ಯಾವ ಶಾಸ್ತ್ರದಲ್ಲಿಯೂ ಇಲ್ಲ. ಗುಬ್ಬಿಗಳ ಮಾತು ಬೇರೆ. ಆರ್‌ಸಿಸಿ ಮನೆಗಳಲ್ಲಿ ಅವಕ್ಕೆ ಗೂಡಿಗೆ ಸಂದಿಲ್ಲ, ಅಂಗಳದಲ್ಲಿ ಕಾಳು ಕೇರುವವರಿಲ್ಲ, ಮರಿಗಳಿಗೆ ಬೇಕಾದ ಹುಳುಗಳನ್ನು ಔಷಧ ಹೊಡೆದು ಕೊಂದವರು ನಾವೇ. ಟವರುಗಳು ತಲೆಯೆತ್ತಿರುವ ಹಳೆಯ ಪೇಟೆಗಳ ಅಂಗಡಿಗಳಲ್ಲಿ ಇಂದಿಗೂ ಗುಬ್ಬಿಗಳು ಅಕ್ಕಿ ಹೆಕ್ಕುವುದನ್ನು ಯಾರೂ ನೋಡಬಹುದು.

೨೦೨೧ರ ಮೇ ತಿಂಗಳಲ್ಲಿ ಹಬ್ಬಿದ ಸುದ್ದಿಯಂತೂ ವ್ಯತಿರೇಕಕ್ಕೆ ಉತ್ತಮವಾದ ಉದಾಹರಣೆ. ಜನರು ಸಾಯುತ್ತಿರುವುದು ಕೊರೋನಾದಿಂದಲ್ಲ, ಫೈವ್-ಜಿ ಪರೀಕ್ಷೆಯಿಂದ ಎಂದು ಉತ್ತರ ಹಿಂದುಸ್ಥಾನದಲ್ಲಿ ಕೂಗು ಎದ್ದಿತು. ಹರಿಯಾಣದಲ್ಲಿ ಟವರುಗಳನ್ನು ರಕ್ಷಿಸುವಂತೆ ಸರಕಾರವು ಆಜ್ಞೆ ಮಾಡಬೇಕಾಯಿತು. ಆಗ ದೇಶದಲ್ಲಿ ಎಲ್ಲಿಯೂ ಫೈವ್-ಜಿಯ ಪರೀಕ್ಷೆಯೇ ತೊಡಗಿರಲಿಲ್ಲವೆಂದು ದೂರಸಂಪರ್ಕ ಇಲಾಖೆಯು ಮೇ ೧೦ರಂದು ಪ್ರಕಟಿಸಿತು. ಅದು ಸಾರ್ವಜನಿಕರಿಗೆ ದೊರೆತದ್ದು ೨೦೨೨ರ ಅಕ್ಟೋಬರ್ ೧ರಿಂದ. ಚಿತ್ರನಟಿ ಜೂಹಿ ಚಾವ್ಲಾ ಅವರು ಫೈವ್-ಜಿಯ ವಿರುದ್ಧ ದಿಲ್ಲಿಯ ಹೈಕೋರ್ಟಿಗೆ ಹೋಗಿದ್ದರು. ೨೦೨೧ರ ಜೂನಿನಲ್ಲಿ ಆ ದಾವೆಯು ವಜಾ ಆಗಿ ಇಪ್ಪತ್ತು ಲಕ್ಷ ರೂಪಾಯಿ ದಂಡವೂ ಬಿದ್ದಿತು, ಮುಂದಿನ ವರ್ಷ ಅದು ಎರಡು ಲಕ್ಷಕ್ಕೆ ಇಳಿಯಿತು. ಪ್ರಶ್ನೆ ಕೇಳಿದವರಿಗೆ ಅಷ್ಟು ದೊಡ್ಡ ದಂಡವು ನನಗೆ ಸರಿಯೆನಿಸಲಿಲ್ಲ. ದಂಡದಿಂದ ಶಂಕೆಯು ತೀರುವುದಿಲ್ಲ.

ತಲೆನೋವು, ನಿದ್ರಾನಾಶ, ಮೈತುರಿಕೆಗಳಿಂದ ಬಳಲುವವರ ವಿಷಯದಲ್ಲಿ ಇನ್ನೂ ಮೃದುವಾಗಿ ಮಾತಾಡಬೇಕು. ಅವರ ನೋವು ಸುಳ್ಳಲ್ಲ. ಆದರೆ ನೋವಿನ ಕಾರಣವು ಅಲೆಯೋ ಅಂಜಿಕೆಯೋ ಎಂದು ಪರೀಕ್ಷಿಸಿದವರುಂಟು. ಯಂತ್ರವು ನಡೆಯುತ್ತಿದೆಯೋ ನಿಂತಿದೆಯೋ ಎಂಬುದನ್ನು ಮರೆಮಾಡಿ ಕೇಳಿದ ೩೧ ಪ್ರಯೋಗಗಳನ್ನು ಲಂಡನ್ನಿನ ಕಿಂಗ್ಸ್ ಕಾಲೇಜಿನ ವಿದ್ವಾಂಸರು ೨೦೦೫ರಲ್ಲಿ ಒಟ್ಟುಮಾಡಿ ನೋಡಿದರು; ಬಳಲುವವರು ಅಲೆ ಇದ್ದುದನ್ನೂ ಇಲ್ಲದುದನ್ನೂ ಬೇರ್ಪಡಿಸಬಲ್ಲರೆಂಬುದಕ್ಕೆ ದೃಢವಾದ ಆಧಾರವು ಸಿಕ್ಕಲಿಲ್ಲ. ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನ ಕ್ರೇಗವನ್ ಎಂಬ ಬಡಾವಣೆಯವರು ೨೦೦೯ರಲ್ಲಿ ಹೊಸ ಟವರಿನಿಂದ ಮೈಮೇಲೆ ದದ್ದು, ತಲೆಶೂಲೆ ಎಂದು ದೂರಿಕೊಂಡರು. ದೂರುಗಳು ಇನ್ನೂ ನಡೆದಿರುವಾಗಲೇ, ಆರು ವಾರಗಳಿಂದ ಆ ಟವರನ್ನು ಬಂದ್ ಮಾಡಿಯೇ ಇಟ್ಟಿದ್ದೇವೆಂದು ಕಂಪನಿಯವರು ತಿಳಿಸಿದರು. ಹಗ್ಗವನ್ನು ಹಾವೆಂದು ಕಂಡವನ ಎದೆಯು ಬಡಿದುಕೊಳ್ಳುವುದು ನಿಜವಾಗಿಯೇ.

ಈಗ ಮನೆಯೊಳಗಿನ ಮಾತಿಗೆ ಬರುವೆನು. ಟವರನ್ನು ಊರಾಚೆ ಅಟ್ಟಬೇಕೆನ್ನುವವರು ಒಂದು ಸಂಗತಿಯನ್ನು ತಿಳಿಯತಕ್ಕದ್ದು. ನಮ್ಮ ಕೈಯ ಮೊಬೈಲೂ ಒಂದು ಪ್ರೇಷಕವೇ. ಅದರ ಬಲವು ಸಾಮಾನ್ಯವಾಗಿ ಹೆಚ್ಚೆಂದರೆ ೦.೨ ವಾಟ್, ಆದರೆ ಅದು ನೂರು ಮೀಟರಿನಾಚೆ ಇಲ್ಲ, ಕಿವಿಯ ಮೇಲೆಯೇ ಇದೆ. ಅಲ್ಲದೆ ಅದು ಸಮಯವರಿತು ನಡೆಯುವ ಯಂತ್ರ: ಟವರು ಹತ್ತಿರವಿದ್ದರೆ ಪಿಸುಮಾತಿನಲ್ಲಿ ಕೆಲಸ ಮಾಡುವುದು, ದೂರವಿದ್ದರೆ ಗಂಟಲು ಹರಿಯುವಂತೆ ಕೂಗುವುದು. ಟವರನ್ನು ದೂರಕ್ಕೆ ಸರಿಸಿದ ಊರಿನಲ್ಲಿ ಪ್ರತಿಯೊಬ್ಬರ ಫೋನೂ ಅವರವರ ಕಿವಿಯಲ್ಲಿ ಹೆಚ್ಚು ಬಲದಿಂದ ಕೂಗುವುದು. ದೇಹಕ್ಕೆ ತಗಲುವ ಅಲೆಗಳ ಹೆಚ್ಚಿನ ಪಾಲು ಬರುವುದು ಈ ಕೈಯ ಯಂತ್ರದಿಂದಲೇ ಹೊರತು ಟವರಿನಿಂದಲ್ಲ. ಅದಕ್ಕೂ ಕಟ್ಟಳೆಯುಂಟು: ದೇಹದ ಒಂದು ಕಿಲೋಗ್ರಾಮಿಗೆ ೧.೬ ವಾಟ್. ಫೋನಿನ ಅಂಕಿಗಳ ಫಲಕದಲ್ಲಿ ನಕ್ಷತ್ರ ಚಿಹ್ನೆ, ಹ್ಯಾಷ್, ಸೊನ್ನೆ, ಏಳು, ಮತ್ತೆ ಹ್ಯಾಷ್ ಒತ್ತಿದರೆ ನಮ್ಮ ದೇಶದಲ್ಲಿ ಮಾರುವ ಫೋನುಗಳಲ್ಲಿ ಆ ಫೋನಿನ ಲೆಕ್ಕವು ಸಾಮಾನ್ಯವಾಗಿ ತೋರುವುದು. ಇಷ್ಟಾದರೂ ಮನಸ್ಸು ಒಪ್ಪದವರು ದೀರ್ಘವಾದ ಮಾತುಕತೆಯನ್ನು ಕಿವಿಗೊಳವೆಯ ತಂತಿಯಿಂದಲೋ ಸ್ಪೀಕರಿನಿಂದಲೋ ಮಾಡಲಿ. ಒಂದು ಗೇಣು ದೂರವೇ ಬಹಳ ದೂರ. ಸಿಗ್ನಲು ಒಂದೇ ಗೆರೆ ಇರುವಲ್ಲಿ ಗಂಟೆಗಟ್ಟಲೆ ಮಾತಾಡದಿರಲಿ. ಮಕ್ಕಳ ಹಾಸಿಗೆಯಲ್ಲಿ ಫೋನು ಬೇಡ, ಅಲೆಗಾಗಿ ಅಲ್ಲ, ನಿದ್ರೆಗಾಗಿ. ಹಿಂಭಾಗಕ್ಕೆ ಅಂಟಿಸಿದರೆ ವಿಕಿರಣವನ್ನು ಹೀರುವುದೆಂದು ಮಾರುವ ಬಿಲ್ಲೆಗಳಿಗೆ ದುಡ್ಡು ಹಾಕಬೇಡಿರಿ; ಬಿಲ್ಲೆಯು ನಿಜವಾಗಿ ಅಲೆಯನ್ನು ತಡೆದರೆ ಫೋನು ಇನ್ನೂ ಜೋರಾಗಿ ಕೂಗುವುದು, ತಡೆಯದಿದ್ದರೆ ಬಿಲ್ಲೆಯಿಂದ ಫಲವೇನು?

ಇಷ್ಟು ಹೇಳಿದ ಮಾತ್ರಕ್ಕೆ ಕಂಪನಿಯವರು ಮಾಡಿದ್ದೆಲ್ಲ ಸರಿಯೆಂದು ನನ್ನ ಅಭಿಪ್ರಾಯವಲ್ಲ. ನೆರೆಯವರಿಗೆ ಒಂದು ಮಾತೂ ತಿಳಿಸದೆ ಬೆಳಗಾಗುವುದರೊಳಗೆ ಕಬ್ಬಿಣದ ಕಾಲುಗಳನ್ನು ನೆಡುವುದು, ರಾತ್ರಿಯಿಡೀ ಡೀಜಲ್ ಜನರೇಟರಿನ ಗದ್ದಲವನ್ನೂ ಹೊಗೆಯನ್ನೂ ಹಿತ್ತಿಲಿಗೆ ಬಿಡುವುದು, ಕೇಳಿದರೆ ಕಾವಲುಗಾರನನ್ನು ಮುಂದೆಮಾಡುವುದು. ಇವು ದೂರತಕ್ಕ ಸಂಗತಿಗಳೇ. ಆ ತಾಯಿಯ ಪತ್ರದಲ್ಲಿಯೂ ಜನರೇಟರಿನ ಮಾತು ಒಂದು ಮೂಲೆಯಲ್ಲಿತ್ತು. ನನ್ನ ಮಟ್ಟಿಗೆ ಅದೇ ಪತ್ರದ ಮುಖ್ಯವಾದ ಭಾಗ: ಆ ಮನೆಯವರ ನಿದ್ರೆಯನ್ನು ಕೆಡಿಸಿದ್ದರಲ್ಲಿ ಅದಕ್ಕೂ ಪಾಲಿರಬಹುದು, ಮತ್ತು ಅದನ್ನು ಪಂಚಾಯತಿಯ ಮುಂದೆ ಧೈರ್ಯವಾಗಿ ಹೇಳಬಹುದು.

ಅಳತೆಯ ವಿಷಯವು ಉಳಿಯಿತು. ದೂರಸಂಪರ್ಕ ಇಲಾಖೆಯು ೨೦೧೭ರ ಮೇ ತಿಂಗಳಲ್ಲಿ ‘ತರಂಗ ಸಂಚಾರ’ವೆಂಬ ಅಂತರ್ಜಾಲ ತಾಣವನ್ನು ತೆರೆಯಿತು. ನಮ್ಮ ಮನೆಯ ಸುತ್ತಲಿನ ಟವರುಗಳಾವುವು, ಅವು ಕಟ್ಟಳೆಗೆ ಒಳಪಟ್ಟಿವೆಯೋ ಎಂಬುದನ್ನು ಯಾರೂ ಅದರಲ್ಲಿ ನೋಡಬಹುದೆಂದು ಮಾಡಿದ ಏರ್ಪಾಡು ಅದು. ನಮ್ಮದೇ ಅಂಗಳದಲ್ಲಿ ಅಳೆದು ತೋರಿಸಬೇಕೆಂದರೆ ೪೦೦೦ ರೂಪಾಯಿ ಶುಲ್ಕವನ್ನು ಗೊತ್ತುಮಾಡಿದರು. ಹೆಸರು ಸೊಗಸಾಗಿದೆ, ಶುಲ್ಕವು ಸೊಗಸಾಗಿಲ್ಲ. ನಾಟಿಯ ಆಳಿಗೆ ಕೂಲಿ ಕೊಡಲು ಕಷ್ಟಪಡುವ ಮನೆಯವರು ತಮ್ಮ ಅಂಜಿಕೆಯನ್ನು ತೀರಿಸಿಕೊಳ್ಳುವುದಕ್ಕೆ ಇಷ್ಟು ಹಣ ಎಲ್ಲಿಂದ ತರಬೇಕು? ಟವರಿನಿಂದ ತೆರಿಗೆಯನ್ನು ಪಡೆಯುವ ಗ್ರಾಮ ಪಂಚಾಯತಿಯೇ ಊರಿಗೊಂದು ಸಲ ಈ ಶುಲ್ಕವನ್ನು ತುಂಬಿ, ಶಾಲೆ, ಅಂಗನವಾಡಿ ಮತ್ತು ಟವರಿಗೆ ಎದುರಾದ ನಾಲ್ಕು ಮನೆಗಳಲ್ಲಿ ಅಳೆಯಿಸಿ, ಬಂದ ಅಂಕಿಗಳನ್ನು ಕನ್ನಡದಲ್ಲಿ ಕಚೇರಿಯ ಹಲಗೆಯ ಮೇಲೆ ಬರೆಯಿಸಬೇಕು. ಅಳೆಯುವವರು ಬರುವ ದಿನವನ್ನು ಡಂಗುರ ಹೊಡೆಸಿ ಊರವರನ್ನೆಲ್ಲ ಕರೆಯಬೇಕು. ಮೀರಿದ್ದರೆ ಕಂಪನಿಯನ್ನು ಹಿಡಿದು ಕೇಳಬಹುದು. ಮೀರದಿದ್ದರೆ ಬಸುರಿ ಸೊಸೆಯರು ತಮ್ಮ ಕಣ್ಣಾರೆ ನೋಡಿ ಮಲಗಬಹುದು. ಬರುವ ಗ್ರಾಮಸಭೆಯಲ್ಲಿ ಇದನ್ನು ಠರಾವಿಗೆ ತರುವಂತೆ ನಮ್ಮ ಓದುಗರಲ್ಲಿ ಪಂಚಾಯತಿಯ ಸದಸ್ಯರಾದವರು ಪ್ರಯತ್ನಿಸಲೆಂದು ಬೇಡುವೆನು.

ಕಡೆಗೊಂದು ಎಚ್ಚರಿಕೆ. “ನಿಮ್ಮ ಹೊಲದಲ್ಲಿ ಫೈವ್-ಜಿ ಟವರು ಹಾಕುತ್ತೇವೆ, ತಿಂಗಳಿಗೆ ಸಾವಿರಾರು ರೂಪಾಯಿ ಬಾಡಿಗೆ, ಮನೆಯಲ್ಲೊಬ್ಬರಿಗೆ ನೌಕರಿ, ಪರವಾನಿಗೆಗೆ ಮುಂಗಡ ಮಾತ್ರ ಕಳುಹಿಸಿರಿ” ಎಂದು ಫೋನು ಮಾಡಿ, ಸರಕಾರಿ ಮುದ್ರೆಯ ಸುಳ್ಳು ಪತ್ರಗಳನ್ನು ತೋರಿಸಿ ಹಣ ನುಂಗುವವರು ಹೆಚ್ಚಾಗಿದ್ದಾರೆ. ಟವರು ನಿಲ್ಲಿಸುವುದಕ್ಕೆಂದು ಜಾಗದ ಒಡೆಯರಿಂದ ದೂರಸಂಪರ್ಕ ಇಲಾಖೆಯಾಗಲಿ ಟ್ರಾಯ್ ಎಂಬ ಪ್ರಾಧಿಕಾರವಾಗಲಿ ಹಣ ಕೇಳುವುದಿಲ್ಲ, ಪರವಾನಿಗೆಯ ಪತ್ರಗಳನ್ನೂ ಕಳುಹಿಸುವುದಿಲ್ಲ. ಹಣ ಹೋಗಿಬಿಟ್ಟಿದ್ದರೆ ನಾಚಿಕೊಂಡು ಸುಮ್ಮನಿರದೆ ಕೂಡಲೇ ೧೯೩೦ ಎಂಬ ಸಂಖ್ಯೆಗೆ ಫೋನು ಮಾಡತಕ್ಕದ್ದು. ಫೋನು ಮಾಡುವುದಕ್ಕೇ ಗುಡ್ಡ ಹತ್ತಬೇಕಾದ ಜೋಯಿಡಾದ ಗೃಹಸ್ಥರ ಪತ್ರವು ನನ್ನ ಮೇಜಿನ ಮೇಲಿದೆ. ಅದನ್ನು ಮುಂದಿನ ಸಂಚಿಕೆಗೆ ತೆಗೆದುಕೊಳ್ಳುವೆನು. ಅಂಥ ಊರುಗಳ ಹೆಸರುಗಳನ್ನು ಬಲ್ಲವರು ಅಷ್ಟರೊಳಗೆ ನನಗೆ ಬರೆದು ಕಳುಹಿಸಬೇಕು.